ಹರಳುಗಟ್ಟದ ಉಪ್ಪು

ಜೂನ್ ೮

ಅಕ್ಕ,

ಫೋನಿನಲ್ಲೇ ಹೇಳಬಹುದಾಗಿದ್ದ ವಿಷಯ. ಆದರೆ ನಿಮಗೆ ಫೋನ್ ಮಾಡಿದರೆ ಎರಡನೇ ಮಾತಿಗೇ ಅತ್ತೆ "ಯಾರು, ಚಿಕ್ಕವಳಾ? ಕೊಡಿಲ್ಲಿ" ಎಂದು ಕಿತ್ತುಕೊಳ್ಳುತ್ತಾರೆ. ನಮ್ಮಿಬ್ಬರ ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ.

ನನ್ನ ದ್ರವ ಕೊನೆಗೂ ಕೈಗೆ ಬಂತು! ಚರ್ಮ ಮರಗಟ್ಟಿಸುವ ಆ ಹಳೆಯ ಮದ್ದು, ಹಲ್ಲಿನ ಡಾಕ್ಟರು ಚುಚ್ಚುವುದು, ನಿಮಗೆ ಗೊತ್ತೇ ಇದೆ. ಪುಡಿಯಾಗಿರುವ ತನಕ ಅದು ಚರ್ಮದ ಮೇಲೇ ಠಿಕಾಣಿ ಹೂಡಿ ಕೆಳಗಿಳಿಯಲು ಒಲ್ಲೆ ಎನ್ನುತ್ತದೆ. ನಾನು ಅದರ ಜೊತೆಗಿದ್ದ ಕ್ಲೋರೈಡನ್ನು ಬಿಡಿಸಿ, ಉದ್ದ ಬಾಲದ, ಸೊಟ್ಟ ಮೈಯ ಬೇರೊಂದು ಆಮ್ಲವನ್ನು ಜೊತೆ ಮಾಡಿದೆ. ಈ ಎರಡೂ ಸಾಲಾಗಿ ಕೂರಲಾರವು. ಸಾಲಾಗಿ ಕೂರದ ಮೇಲೆ ಹರಳಾಗುವುದು ಎಲ್ಲಿಂದ? ಉಪ್ಪು ಉಪ್ಪೇ, ಆದರೆ ತೊಟ್ಟು ನೀರು ಹಾಕದೆಯೂ ದ್ರವ. ಅಯಾನಿಕ್ ದ್ರವ. ಕೋಲ್ಡ್ ರೂಮಿನಲ್ಲಿ ತಿಂಗಳಿಟ್ಟರೂ ಗಟ್ಟಿಯಾಗಲಿಲ್ಲ.

ಇನ್ನು ಇದು ಮದ್ದೆನಿಸಿಕೊಳ್ಳಲು ಯೋಗ್ಯವೋ ಅಲ್ಲವೋ ಎಂದು ಹೊರಗಿನವರು ನೋಡಿ ಹೇಳಬೇಕು. ನಮ್ಮ ಗೈಡ್ ದೊಡ್ಡ ಲ್ಯಾಬಿಗೆ ಕಳಿಸೋಣ ಎಂದರು. ನಾನು ಹಠ ಹಿಡಿದು ನಿಮ್ಮ ಲ್ಯಾಬಿನ ಹೆಸರು ಹೇಳಿದೆ. "ನಮ್ಮ ಅಕ್ಕ ಅಲ್ಲಿದ್ದಾರೆ ಸರ್, ಅವರ ಕಣ್ಣಿಂದ ಏನೂ ತಪ್ಪಿಸಿಕೊಳ್ಳಲ್ಲ" ಎಂದೆ. ಓರಗಿತ್ತಿ ಎನ್ನಲಿಲ್ಲ, ಅಕ್ಕ ಎಂದೆ.

ಅತ್ತೆಯ ಬೆನ್ನು ಹೇಗಿದೆ? ಸರ್ಪಸುತ್ತು ವಾಸಿಯಾಗಿ ವರ್ಷವಾಯಿತು, ಇನ್ನೂ ಉರಿ ಬಿಟ್ಟಿಲ್ಲವೆಂದರೆ ಹೇಗೆ! ಈ ಕೆಲಸ ಮಾಡುವಾಗೆಲ್ಲ ನನ್ನ ಕಣ್ಣ ಮುಂದಿದ್ದದ್ದು ಅವರ ಬೆನ್ನೇ.

ನಿಮ್ಮ
ಗುಬ್ಬಿ


ಜೂನ್ ೨೭

ಗುಬ್ಬಿಗೆ,

ಸೀಸೆಗಳು ತಲುಪಿದವು. ಯಾವುದೂ ಒಡೆದಿಲ್ಲ.

ನಿನ್ನ ನನ್ನ ಸಂಬಂಧವನ್ನು ಮೊದಲೇ ಸಾಹೇಬರ ಕಿವಿಗೆ ಹಾಕಿದೆ. ಆಮೇಲೆ ಗೊತ್ತಾಗಿ ರಾದ್ಧಾಂತವಾಗುವುದು ಬೇಡ ಎಂದು. ಅವರು ಕನ್ನಡಕ ತೆಗೆದು ಒರೆಸುತ್ತಾ, "ತಂಗಿ ಅಂದಿದ್ರೆ ಯೋಚನೆ ಮಾಡ್ತಿದ್ದೆ. ಓರಗಿತ್ತಿ ತಾನೇ? ಪಕ್ಷಪಾತದ ಭಯ ಇಲ್ಲ ಬಿಡಿ" ಎಂದರು. ಲ್ಯಾಬಿನವರೆಲ್ಲ ನಕ್ಕರು. ನಾನೂ ನಕ್ಕೆ.

ನಿನ್ನ ದ್ರವ ಬೆಳಕಿಗೆ ಹಿಡಿದರೆ ಜೇನಿನಂತೆ ಕಾಣುತ್ತದೆ. ಚೆನ್ನಾಗಿದೆ. ಆದರೆ ಅದರಲ್ಲಿ ನೀರಿನಂಶ ಎಷ್ಟೆಂದು ನೀನು ಬರೆದಿಲ್ಲ. ಇಂಥ ದ್ರವಗಳು ಮುಚ್ಚಳ ತೆಗೆದರೆ ಸಾಕು, ಗಾಳಿಯಿಂದ ನೀರು ಕುಡಿಯುತ್ತವೆ. ಮರೆತೆಯೋ, ಬೇಡವೆಂದುಕೊಂಡೆಯೋ? ಹಾಗೆಯೇ ಜೊತೆಗಾರ ಆಮ್ಲವನ್ನು ಒಂಟಿಯಾಗಿ ಒಂದು ಸೀಸೆ ಕಳಿಸು. ನೀನು ಮಾಡಿ ಕೈಬಿಟ್ಟ ಬೇರೆ ಜೋಡಿಗಳಿದ್ದರೆ ಅವೂ ಇರಲಿ. ಹೋಲಿಸಿ ನೋಡಲು ಬೇಕು.

ಅತ್ತೆಗೆ ಹಾಗೇ ಇದೆ. ಬಟ್ಟೆ ಸೋಕಿದರೆ ಕೆಂಡ ಸೋಕಿದಂತೆ ಬೆಚ್ಚುತ್ತಾರೆ. ಮಗಳು ಅವರ ಹಿಂದಿನಿಂದ ಹಾದುಹೋಗುವಾಗ ಉಸಿರು ಬಿಗಿಹಿಡಿದು ಹೋಗುತ್ತಾಳೆ. ಪತ್ರಿಕೆಯಲ್ಲಿ ಬಂದ ನಿನ್ನ ಫೋಟೋವನ್ನು ಅತ್ತೆ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ಈಗ ಹಾಲು ಬೇಕೆಂದರೂ ಮೊದಲು ನಿನ್ನ ಮುಖ ನೋಡಬೇಕು. ನಾನು ಈ ಮನೆಗೆ ಬಂದು ಹದಿನಾರು ವರ್ಷ, ಆ ಬಾಗಿಲಿಗೆ ನಾನು ಅಂಟಿಸಿದ್ದು ಗ್ಯಾಸಿನವನ ನಂಬರು ಮಾತ್ರ.

ಅಕ್ಕ


ಜುಲೈ ೧೦

ಅಕ್ಕ,

ಬೈಸಿಕೊಂಡೆ. ನೀರಿನಂಶ ಅಳೆದಿದ್ದೆ, ಬರೆಯಲು ಮರೆತೆ. ಈ ಕಾಗದದ ಹಿಂದೆ ಬರೆದಿದ್ದೇನೆ. ಆಮ್ಲದ ಸೀಸೆಯೂ ಕೈಬಿಟ್ಟ ಮೂರು ಜೋಡಿಗಳೂ ಬರುತ್ತಿವೆ. ಆ ಮೂರನ್ನು ನೋಡಿ ನಗಬೇಡಿ, ಒಂದಕ್ಕಿಂತ ಒಂದು ಸೋಮಾರಿ. ಅದರಲ್ಲೂ ಮೂರನೆಯದು ಆಮೆ. ಅದು ಚರ್ಮ ದಾಟುವುದನ್ನು ಕಾಯುತ್ತಾ ನಾನು ಲ್ಯಾಬಿನಲ್ಲೇ ತೂಕಡಿಸಿದ್ದೆ. ವೇಗಕ್ಕೋಸ್ಕರವೇ ಮೊದಲನೆಯದನ್ನು ಆರಿಸಿದ್ದು.

ಒಂದು ಮಾತು. ಕೋಪ ಮಾಡಿಕೊಳ್ಳಬಾರದು. ನಿನ್ನೆ ಅತ್ತೆ ಫೋನಿನಲ್ಲಿ ಮಾತು ಅರ್ಧಕ್ಕೆ ನಿಲ್ಲಿಸಿ ಹಲ್ಲು ಕಚ್ಚಿದ್ದು ಇಲ್ಲಿಗೇ ಕೇಳಿಸಿತು. ತಡೆಯಲಾರದೆ ಹೇಳಿಬಿಟ್ಟೆ, "ಅತ್ತೆ, ನಿಮ್ಮ ಮದ್ದು ಅಕ್ಕನ ಲ್ಯಾಬಿನಲ್ಲಿದೆ" ಎಂದು. ನಾವಿಬ್ಬರೂ ಇದೇ ಓದಿದವರು, ಇದರ ಒಳಹೊರಗು ಬಲ್ಲವರು. ಒಂದೇ ಒಂದು ಹನಿ, ಬೆನ್ನಿನ ಒಂದು ಮೂಲೆಗೆ. ಏನಾದೀತು?

ಗುಬ್ಬಿ


ಆಗಸ್ಟ್ ೨

ಗುಬ್ಬಿಗೆ,

ನೀನು ಹೇಳಿದ್ದು ಹೇಳಿಯಾಯಿತು. ಈಗ ಅದನ್ನು ಅನುಭವಿಸುತ್ತಿರುವವಳು ನಾನು. ದಿನಾ ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತು ಕೈ ಚಾಚುತ್ತಾರೆ. "ತಂದ್ಯಾ?" ಎನ್ನುತ್ತಾರೆ. "ಇಲ್ಲ ಅತ್ತೆ, ಅದಿನ್ನೂ ಮದ್ದಲ್ಲ" ಎನ್ನುತ್ತೇನೆ. ಮೊನ್ನೆ ನನ್ನ ಗಂಡನೆದುರೇ ಅಂದರು, "ಚಿಕ್ಕವಳು ಮಾಡಿ ಕಳಿಸಿದ್ದಾಳೆ, ದೊಡ್ಡವಳು ಬೀಗ ಹಾಕಿ ಇಟ್ಕೊಂಡಿದ್ದಾಳೆ." ನನ್ನ ಗಂಡ ಟಿವಿಯ ಸದ್ದು ಜಾಸ್ತಿ ಮಾಡಿದರು.

ಈಗ ಫಲಿತಾಂಶ. ಚರ್ಮ ದಾಟುವ ಪರೀಕ್ಷೆಯಲ್ಲಿ ನಿನ್ನ ದ್ರವಕ್ಕೆ ಸಾಟಿಯಿಲ್ಲ. ಹಂದಿ ಕಿವಿಯ ಚರ್ಮವನ್ನು ಗಾಜಿನ ಎರಡು ಕೋಶಗಳ ನಡುವೆ ಬಿಗಿದು ಮೇಲೆ ದ್ರವ ಹಾಕಿದೆವು. ಪುಡಿಯ ಮದ್ದು ಇನ್ನೂ ಹೊಸ್ತಿಲಲ್ಲಿರುವಾಗ ನಿನ್ನದು ಒಳಗೆ ಹೋಗಿ ಹಿತ್ತಿಲು ಸೇರಿತ್ತು. ಆ ಸಂಖ್ಯೆಗಳನ್ನು ಬರೆದುಕೊಳ್ಳುವಾಗ ಪೆನ್ನು ಒತ್ತಿ ಹಿಡಿದಿದ್ದೆ ಎಂದು ಆಮೇಲೆ ಗೊತ್ತಾಯಿತು. ಕೆಳಗಿನ ಹಾಳೆಯಲ್ಲೂ ಅಚ್ಚು ಮೂಡಿತ್ತು.

ಆದರೆ ಜೀವಕೋಶಗಳ ಪರೀಕ್ಷೆಯಲ್ಲಿ ಸೋತಿದೆ. ಬದುಕಿದ ಕೋಶಗಳಿದ್ದರೆ ಬಣ್ಣ ನೇರಳೆಗೆ ತಿರುಗಬೇಕು. ನಿನ್ನ ದ್ರವ ಹಾಕಿದ ಸಾಲೆಲ್ಲ ಹಳದಿಯಾಗಿಯೇ ಉಳಿಯಿತು. ಮರಗಟ್ಟಿಸಲು ಬೇಕಾದ ಪ್ರಮಾಣಕ್ಕಿಂತ ಎಷ್ಟೋ ಕಡಿಮೆಯಲ್ಲೇ ಚರ್ಮದ ಕೋಶಗಳು ಸತ್ತಿವೆ. ನೀನು ಹೇಳಿದ ಒಂದು ಹನಿಯನ್ನು ನಾನು ಹಚ್ಚಿದ್ದರೆ ಏನಾಗುತ್ತಿತ್ತು ಎಂದು ನಿನಗೇ ಬಿಡುತ್ತೇನೆ.

ವರದಿ ಸೋಮವಾರ ನಿಮ್ಮ ಗೈಡ್ ಕೈ ಸೇರುತ್ತದೆ. ಅದಕ್ಕೂ ಮೊದಲು ನಿನಗೆ ನನ್ನಿಂದಲೇ ತಿಳಿಯಲಿ ಎಂದು ಬರೆದೆ.

ಅಕ್ಕ


ಆಗಸ್ಟ್ ೯

ಅಕ್ಕನಿಗೆ,

ವರದಿ ಬಂತು. ಗೈಡ್ ಅದನ್ನು ಎಲ್ಲರ ಮುಂದೆ ಮೇಜಿನ ಮೇಲೆ ಹಾಕಿ, "ನಿಮ್ಮ ಅಕ್ಕ ಅಂದಿರಲ್ಲಮ್ಮಾ" ಎಂದರು. ಅಷ್ಟೇ. ಯೋಜನೆ ಸದ್ಯಕ್ಕೆ ನಿಂತಿದೆ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಎಲ್ಲೂ "ಅಯ್ಯೋ" ಎಂಬ ಒಂದು ಮಾತಿಲ್ಲ. ಇನ್ನೊಂದು ಸಲ ಮಾಡಿ ನೋಡೋಣ ಎಂಬುದಿಲ್ಲ. ಗ್ಯಾಸಿನವನ ನಂಬರಿನಿಂದ ಹಿಡಿದು ಎಲ್ಲ ಇದೆ, ಅದೊಂದಿಲ್ಲ. ನಿಮಗೆ ಹಿಂದೆ ಡಾಕ್ಟರೇಟಿಗೆ ಸೀಟು ಸಿಕ್ಕಿತ್ತು, ಹೋಗಲಾಗಲಿಲ್ಲ ಎಂದು ಇವರು, ನಿಮ್ಮ ಮೈದುನ, ಹೇಳಿದ್ದಾರೆ. ಅದು ನನ್ನ ತಪ್ಪೇ? ಆಗ ನಾನು ಈ ಮನೆಯವಳೇ ಆಗಿರಲಿಲ್ಲ. ನಿಮ್ಮ ಹೊಟ್ಟೆಕಿಚ್ಚಿಗೆ ನನ್ನ ಕೋಶಗಳು ಸತ್ತವೋ, ನನ್ನ ದ್ರವಕ್ಕೋ? ಹೇಗೆ ನಂಬಲಿ?

ನನಗೇನು ಹೊಟ್ಟೆಕಿಚ್ಚು ಇಲ್ಲವೆಂದುಕೊಂಡಿರಾ? ಕಳೆದ ಸಲ ಬಂದಾಗ ಅತ್ತೆಯ ಬೆನ್ನಿಗೆ ತಣ್ಣನೆ ಬಟ್ಟೆ ಹಾಕಲು ಹೋದೆ. "ಬೇಡ, ದೊಡ್ಡವಳು ಬರಲಿ" ಎಂದರು. ನೀವು ಲ್ಯಾಬಿನಿಂದ ಬರುವವರೆಗೂ ನೋವು ನುಂಗಿಕೊಂಡು ಕೂತರು. ನಾನು ಒದ್ದೆ ಬಟ್ಟೆ ಹಿಡಿದು ನಿಂತೇ ಇದ್ದೆ. ನಾನು ಮದ್ದು ಮಾಡಬಹುದು ಅಕ್ಕ, ಆದರೆ ಆ ಬೆನ್ನು ನಿಮ್ಮದು. ಫ್ರಿಜ್ಜಿನ ಬಾಗಿಲು ಬೇಕಿದ್ದರೆ ನೀವೇ ಇಟ್ಟುಕೊಳ್ಳಿ.

ಗುಬ್ಬಿ


ಸೆಪ್ಟೆಂಬರ್ ೨೧

ಗುಬ್ಬಿ,

ನಿನ್ನ ಕಾಗದಕ್ಕೆ ಕೂಡಲೇ ಉತ್ತರ ಬರೆದಿದ್ದರೆ ಅದು ಜಗಳವಾಗುತ್ತಿತ್ತು. ಕೈ ಕಟ್ಟಿಕೊಂಡು ಕೂತೆ.

ಹಳದಿ ಕಂಡಾಗ ನನ್ನ ಹೊಟ್ಟೆ ತಣ್ಣಗಾಯಿತು. ನೀನು ಕೇಳಿದ್ದು ಅದನ್ನೇ ತಾನೇ? ಹೌದು, ಆಯಿತು. ಅದಕ್ಕೇ ಆ ಫಲಿತಾಂಶದ ಮೇಲೆ ನನಗೇ ನಂಬಿಕೆ ಹುಟ್ಟಲಿಲ್ಲ. ನಿನಗೆ ಬರೆಯುವ ಮೊದಲೇ ಸೀಸೆಗಳ ಮೇಲಿನ ಹೆಸರು ಕಿತ್ತು, ಬರೀ ಗುರುತು ಹಾಕಿ, ಪಕ್ಕದ ಬೆಂಚಿನವನಿಗೆ, ನಾವೆಲ್ಲ ಮೀಸೆ ಎಂದು ಕರೆಯುವವನಿಗೆ, ಕೊಟ್ಟಿದ್ದೆ. ನಮ್ಮ ಲ್ಯಾಬಿನಲ್ಲಿ ಅವನಷ್ಟು ನಿರ್ಲಿಪ್ತ ಮನುಷ್ಯ ಇನ್ನೊಬ್ಬನಿಲ್ಲ, ಅವನ ಮದುವೆಯ ದಿನವೂ ಆಕಳಿಸುತ್ತಿದ್ದ. ಯಾವುದು ಯಾರದೆಂದು ಅವನಿಗೆ ಗೊತ್ತಿರಲಿಲ್ಲ. ಅವನಿಗೂ ಹಳದಿಯೇ ಬಂತು. ಇದನ್ನು ಆವತ್ತೇ ನಿನಗೆ ಬರೆಯಬಹುದಿತ್ತು. ಬರೆಯಲಿಲ್ಲ. ನೀನು ಸ್ವಲ್ಪ ಒದ್ದಾಡಲಿ ಎನಿಸಿತ್ತು.

ನಿನ್ನ ಕಾಗದ ಬಂದ ವಾರ ಅತ್ತೆಯ ಬೆನ್ನಿಗೆ ಬಟ್ಟೆ ಹಾಕುತ್ತಿದ್ದೆ. ಅವರು ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದರು, "ಗುಬ್ಬಿ ಫೋನಲ್ಲಿ ಅಳ್ತಿದ್ಲು. ಏನ್ ಮಾಡ್ದೆ ಅವಳಿಗೆ?"

"ನಾನೇನೂ ಮಾಡಿಲ್ಲ. ಅವಳ ಮದ್ದು ಚರ್ಮ ಸುಡುತ್ತೆ. ಅದನ್ನ ಹೇಳಿದೆ."

"ಹೇಳುವಾಗ ಖುಷಿಯಾಯ್ತಾ?"

ನನ್ನ ಕೈ ನಿಂತಿತು. ಇಷ್ಟು ವರ್ಷ ಕೇಳದೆ ಇದ್ದದ್ದು ಆಗ ಬಾಯಿಗೆ ಬಂತು. "ನನಗೆ ಸೀಟು ಸಿಕ್ಕಾಗ, ಹೊಟ್ಟೇಲಿ ಮಗು ಇಟ್ಕೊಂಡು ಎಲ್ಲಿಗೆ ಹೋಗ್ತೀಯ ಅಂದ್ರಿ. ಆಮೇಲೆ, ಮಗು ಬಿಟ್ಟು ಎಲ್ಲಿಗೆ ಹೋಗ್ತೀಯ ಅಂದ್ರಿ. ಅವಳಿಗೆ ಮಾತ್ರ ಮದುವೆಯಾದ ತಿಂಗಳಿಗೇ ಹೋಗು ಅಂದ್ರಿ. ನಿಮ್ಮ ಕೈಯಾರೆ ಪೆಟ್ಟಿಗೆ ಕಟ್ಟಿ ಕೊಟ್ರಿ. ನಾನೇನು ಮಾಡಿದ್ದೆ ಅತ್ತೆ?"

ಅವರು ತಿರುಗಲು ಹೋಗಿ ನೋವಿಗೆ ಅಲ್ಲೇ ನಿಂತರು. "ನಿನ್ನ ನೋಡಿ ಕಲಿತೆ ಕಣೇ" ಎಂದರು. "ಬೇಡ ಅಂದ ಮೇಲೆ ನೀನು ಒಂದು ಮಾತೂ ಆಡ್ಲಿಲ್ಲ. ಎಲ್ಲ ಕೆಲಸಾನೂ ಚೆನ್ನಾಗೇ ಮಾಡ್ದೆ. ಆದ್ರೆ ನಿನ್ನ ಮುಖ ಇತ್ತಲ್ಲ. ಅಂಥ ಮುಖ ಇನ್ನೊಂದು ಈ ಮನೇಲಿ ನೋಡೋ ಶಕ್ತಿ ನನಗಿರ್ಲಿಲ್ಲ. ಅದಕ್ಕೇ ಅವಳನ್ನ ಕಳಿಸ್ದೆ."

ಇದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ನಿನ್ನ ಮೇಲಿನ ಉರಿ ಇನ್ನೂ ಹೆಚ್ಚಾಯಿತು. ನಾನು ಪಾಠವಾದೆ, ನೀನು ಪಾಸಾದೆ. ಎದ್ದು ಹೋಗಿ ನಲ್ಲಿ ಬಿಟ್ಟು ನಿಂತೆ, ಬಕೆಟ್ಟು ತುಂಬಿ ಹರಿದರೂ ಮುಚ್ಚಲಿಲ್ಲ. ಮಗಳು ಬಂದು, "ಅಮ್ಮಾ, ನೀರು!" ಎಂದು ಕೂಗಿದ ಮೇಲೆ ಮುಚ್ಚಿದೆ.

ಮರುದಿನ ಲ್ಯಾಬಿಗೆ ಹೋಗಿ ನಿನ್ನ ಆಮ್ಲವನ್ನು ಒಂಟಿಯಾಗಿ ಕೋಶಗಳ ಮೇಲೆ ಹಾಕಿದೆ. ಯಾರೂ ಮಾಡೆಂದಿರಲಿಲ್ಲ. ಕೊಲ್ಲುತ್ತಿರುವುದು ಅದೇ, ಮದ್ದಲ್ಲ. ಚರ್ಮವನ್ನು ಅಷ್ಟು ಬೇಗ ತೆರೆಯುವ ಗುಣವೇ ಕೋಶದ ಪೊರೆಯನ್ನೂ ಹರಿಯುತ್ತಿದೆ. ನಿನ್ನದು ಬಾಗಿಲು ಒಡೆದು ಒಳಗೆ ಹೋಗುತ್ತಿದೆ ಗುಬ್ಬಿ. ಆಮೇಲೆ ನೀನು ಕೈಬಿಟ್ಟ ಮೂರನ್ನೂ ನೋಡಿದೆ. ಎರಡು ನಿಜವಾಗಿಯೂ ಕಸ. ಮೂರನೆಯದು, ನೀನು ಆಮೆ ಎಂದದ್ದು, ನಿಧಾನ, ಆದರೆ ಚರ್ಮ ದಾಟುತ್ತದೆ. ಪುಡಿಯ ಮದ್ದಿಗಿಂತ ಚೆನ್ನಾಗಿಯೇ ದಾಟುತ್ತದೆ. ಕೋಶಗಳಿಗೆ ಏನು ಮಾಡುತ್ತದೆಂದು ಹೇಳುವಷ್ಟು ನೀನು ಕಳಿಸಿಲ್ಲ. ವರ್ಷಾನುಗಟ್ಟಲೆ ಉರಿಯುವ ಬೆನ್ನಿಗೆ ಗಳಿಗೆಯ ವೇಗ ಏತಕ್ಕೆ? ಅದನ್ನು ಮತ್ತೆ ಮಾಡಿ, ಚೆನ್ನಾಗಿ ತೊಳೆದು, ಒಣಗಿಸಿ ಕಳಿಸು.

ಬಟ್ಟೆಯ ವಿಷಯ. ಒದ್ದೆ ಬಟ್ಟೆಯನ್ನು ಎಳೆಯಬಾರದು. ಮೇಲಿನಿಂದ ಇಡಬೇಕು, ಮೇಲಕ್ಕೇ ಎತ್ತಬೇಕು. ಅಷ್ಟೇ ಗುಟ್ಟು.

ಅಕ್ಕ


ನವೆಂಬರ್ ೪

ಅಕ್ಕ,

ಏನು ಬರೆಯಲಿ ಎಂದು ಹೊಳೆಯದೆ ಇಷ್ಟು ದಿನವಾಯಿತು. ಸೀಸೆ ಕಳಿಸುವುದು ಸುಲಭ, ಅದನ್ನು ಮೊದಲು ಕಳಿಸಿದ್ದೇನೆ.

ಆಮೆಯನ್ನು ಹೊಸದಾಗಿ ಮಾಡಿದೆ. ನಿಮ್ಮ ಕಾಗದದಲ್ಲಿ ಲ್ಯಾಬಿನ ಭಾಗವನ್ನು ಮಾತ್ರ ಗೈಡ್‌ಗೆ ತೋರಿಸಿದೆ. ಮಿಕ್ಕದ್ದು ನನ್ನದು. ಅವರು ಕನ್ನಡಕದ ಮೇಲಿಂದ ನೋಡಿ, "ಒಂಟಿ ಆಮ್ಲದ ಪರೀಕ್ಷೆ ನಾವೇ ಮೊದಲು ಮಾಡಬೇಕಿತ್ತು" ಎಂದರು. 'ನಾವೇ' ಎಂದದ್ದು ಅವರ ದೊಡ್ಡತನ. ತಪ್ಪಿದ್ದು ನಾನು.

ಕೋಶಗಳು ಸತ್ತದ್ದು ಯಾವುದಕ್ಕೆ ಎಂದು ಕೇಳಿದ್ದೆನಲ್ಲ, ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಹೊಟ್ಟೆಕಿಚ್ಚಿನ ಮಾತನ್ನು ತೆಗೆದುಕೊಳ್ಳುವುದಿಲ್ಲ, ನೀವೂ ಒಪ್ಪಿದ್ದೀರಿ.

ಅತ್ತೆ ನಿಮಗೆ ಹೇಳಿದ್ದನ್ನು ಓದಿದ ಮೇಲೆ ನನ್ನ ಪೆಟ್ಟಿಗೆ ನೋಡಲು ಕಷ್ಟವಾಗುತ್ತಿದೆ. ಅವರು ಕಟ್ಟಿಕೊಟ್ಟದ್ದು ನನ್ನ ಮೇಲಿನ ಪ್ರೀತಿಗೆ ಎಂದೇ ಎಣಿಸಿದ್ದೆ. ಅವರು ನನ್ನನ್ನು ಕಳಿಸುವಾಗಲೂ ನೋಡುತ್ತಿದ್ದದ್ದು ನಿಮ್ಮ ಮುಖವನ್ನೇ.

ಗುಬ್ಬಿ


ಡಿಸೆಂಬರ್ ೧೮

ಗುಬ್ಬಿ,

ನೇರಳೆ ಬಂದಿದೆ. ಸಾಲಿಗೆ ಸಾಲು ನೇರಳೆ. ಮೀಸೆಗೂ ಹಾಗೇ ಬಂತು. ಅವನು ಆಕಳಿಸುವುದನ್ನು ಬಿಟ್ಟು, "ಇದು ಯಾರದು ಮೇಡಂ? ಚೆನ್ನಾಗಿದೆಯಲ್ಲ" ಎಂದ. ನಿನ್ನದು ಎಂದೆ. ಸಂತೋಷದಿಂದ ಹೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಆದರೂ ತಟ್ಟೆಯನ್ನು ಕೂಡಲೇ ತೊಳೆಯಲು ಹಾಕಲಿಲ್ಲ. ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದೆ.

ಇಷ್ಟಾದರೂ ಇದು ಅತ್ತೆಯ ಬೆನ್ನಿಗೆ ತಲುಪುವುದು ದೂರದ ಮಾತು. ಪ್ರಾಣಿಗಳ ಮೇಲೆ ಆಗಬೇಕು, ಆಮೇಲೆ ಮನುಷ್ಯರ ಮೇಲೆ, ಆಮೇಲೆ ಇನ್ನೂ ಎಷ್ಟೋ. ಅತ್ತೆ ನೇರವಾಗಿ ಕೇಳಿದರು, "ನಾನಿರೋದ್ರೊಳಗೆ ಬರುತ್ತಾ?" ನನಗೆ ಸುಳ್ಳು ಹೇಳಲು ಬರಲಿಲ್ಲ. "ಬರಲ್ಲ ಅತ್ತೆ" ಎಂದೆ. ಅವರು "ಸರಿ, ಇನ್ಯಾರದೋ ಬೆನ್ನಿಗಾಗಲಿ" ಎಂದರು. ಆವತ್ತಿನಿಂದ ಬಾಗಿಲಲ್ಲಿ ಕೈ ಚಾಚುವುದು ನಿಲ್ಲಿಸಿದ್ದಾರೆ. ಕೈ ಚಾಚಿದ್ದರೇ ಚೆನ್ನಾಗಿತ್ತು ಎನಿಸುತ್ತದೆ.

ಇನ್ನೊಂದು ವಿಷಯ. ನಿಮ್ಮ ಗೈಡ್ ನನಗೇ ಪತ್ರ ಬರೆದಿದ್ದಾರೆ. ಈ ದ್ರವ ಎಷ್ಟು ಕಾಲ ಕೆಡದೆ ಉಳಿಯುತ್ತದೆ, ಚರ್ಮದ ಮೇಲೆ ದಿನಾ ಬಿದ್ದರೆ ಏನು ಮಾಡುತ್ತದೆ ಎಂದು ಅಲ್ಲಿಯೇ ಇದ್ದು ನೋಡಿಕೊಳ್ಳುವವರು ಬೇಕಂತೆ. ಆರು ತಿಂಗಳು. ಬೇಕಿದ್ದರೆ ಅದನ್ನೇ ಹಿಡಿದು ಡಾಕ್ಟರೇಟಿಗೆ ಹೆಸರು ನೋಂದಾಯಿಸಬಹುದಂತೆ. ನೀನು ಅವರ ಕಿವಿ ಕಚ್ಚಿದೆಯೋ, ಅವರಿಗೇ ಹೊಳೆಯಿತೋ, ಕೇಳುವುದಿಲ್ಲ. ನೀನು ಕಚ್ಚಿದ್ದರೆ ನನಗೆ ಹೋಗಲು ಮನಸ್ಸು ಬರುವುದಿಲ್ಲ. ಅದಕ್ಕೇ ಹೇಳಬೇಡ.

ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಪೂರ್ತಿ ಓದುವ ಮೊದಲೇ, "ಈ ಸಲ ನನ್ನ ಕೇಳ್ಬೇಡ" ಎಂದು ಗದರಿದರು. ಆಮೇಲೆ ಎದ್ದು ಹೋಗಿ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಲು ಸ್ಟೂಲು ಎಳೆಯುತ್ತಿದ್ದರು. ಆ ಬೆನ್ನಿಟ್ಟುಕೊಂಡು! ಮಗಳು ಓಡಿಹೋಗಿ ಹಿಡಿದಳು. "ಅಮ್ಮ ಹೋದ್ರೆ ನನಗೆ ಜಡೆ ಯಾರು ಹಾಕ್ತಾರೆ?" ಎಂದು ಅವಳು ಕೇಳಿದ್ದಕ್ಕೆ ನನ್ನ ಗಂಡ, "ಯೂಟ್ಯೂಬ್ ನೋಡಿ ನಾನೇ ಕಲಿತೀನಿ" ಎಂದರು. ಇಷ್ಟು ವರ್ಷದಲ್ಲಿ ಅವರು ಟಿವಿ ಸದ್ದು ಕಡಿಮೆ ಮಾಡಿ ಆಡಿದ ಮೊದಲ ಮಾತು ಅದು.

ನಿನಗಿನ್ನು ಪ್ರಬಂಧ ಬರೆಯುವುದಷ್ಟೇ ಬಾಕಿ ಎಂದು ಗೈಡ್ ಬರೆದಿದ್ದಾರೆ. ಅದನ್ನು ಎಲ್ಲಿ ಕೂತರೂ ಬರೆಯಬಹುದು. ನನ್ನ ಬಾಯಿಂದ ಬಾ ಎಂದು ಕರೆಯಲು ಆಗುತ್ತಿಲ್ಲ. ಮನೆಯಲ್ಲಿ ಕಿಟಕಿಯ ಪಕ್ಕದ ಮೇಜು ಖಾಲಿ ಮಾಡಿಸಿದ್ದೇನೆ.

ಅಕ್ಕ


ಫೆಬ್ರವರಿ ೧೬

ಅಕ್ಕ,

ನಿಮ್ಮ ಮನೆಯಿಂದ ಬರೆಯುತ್ತಿದ್ದೇನೆ. ನನ್ನ ಮನೆಯೂ ಹೌದು ಎನ್ನಬೇಕೆಂದಿದ್ದೆ, ಆದರೆ ಸಕ್ಕರೆ ಡಬ್ಬ ಎಲ್ಲಿದೆ ಎಂದು ಇನ್ನೂ ಕೇಳಬೇಕಾಗಿದೆ.

ಹಾಸ್ಟೆಲಿನ ರೂಮು ಹೇಗಿದೆ? ನಿಮ್ಮ ಮೈದುನ ಹೋಗಿ ಬಲ್ಬು ಬದಲಿಸಿ ಬಂದರಂತೆ. ನನ್ನ ಬೆಂಚಿನ ಮೇಲೆ ನೀವು ಕೂತಿದ್ದೀರಿ ಎಂದು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ. ನಿನ್ನೆ ಗೈಡ್ ಫೋನ್ ಮಾಡಿದವರು ನನ್ನ ಪ್ರಬಂಧದ ಬಗ್ಗೆ ಎರಡು ಮಾತು, ನಿಮ್ಮ ಬಗ್ಗೆ ಇಪ್ಪತ್ತು ಮಾತು ಆಡಿದರು. "ನಿಮ್ಮಕ್ಕ ಬಂದ ಮೇಲೆ ಲ್ಯಾಬಿನಲ್ಲಿ ಯಾವ ಸೀಸೆಯೂ ಮುಚ್ಚಳವಿಲ್ಲದೆ ಇರಲ್ಲ" ಎಂದರು. ಎಡಗಡೆ ಮೂರನೇ ಡ್ರಾಯರು ಮಾತ್ರ ತೆಗೆಯಬೇಡಿ. ಅಲ್ಲಿ ನನ್ನ ತಿಂಡಿ ಪೊಟ್ಟಣಗಳಿವೆ. ತೆಗೆದಾಗಿದ್ದರೆ ಬೈಯಬೇಡಿ.

ಬರಲಿರುವ ಲೇಖನದಲ್ಲಿ ನಿಮ್ಮ ಹೆಸರು ನನ್ನ ಹೆಸರಿನ ಪಕ್ಕದಲ್ಲೇ ಇದೆ. ಧನ್ಯವಾದದ ಸಾಲಿನಲ್ಲಲ್ಲ, ಬರೆದವರ ಸಾಲಿನಲ್ಲಿ. ಗೈಡ್ ಹಾಕಿದ್ದು. ಅವರು ಹಾಕದಿದ್ದರೆ ನಾನು ಕೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಕೇಳುತ್ತಿದ್ದೆ ಎಂದುಕೊಳ್ಳುತ್ತೇನೆ.

ಮೊದಲ ವಾರ ಅತ್ತೆ ನನ್ನನ್ನು ಹತ್ತಿರ ಸೇರಿಸಲಿಲ್ಲ. ಆಮೇಲೆ ಒಂದು ಸಂಜೆ ಉರಿ ತಡೆಯಲಾರದೆ ತಾವೇ ಬೆನ್ನು ತಿರುಗಿಸಿ ಕೂತರು. ನೀವು ಹೇಳಿದಂತೆ ಮೇಲಿನಿಂದ ಇಟ್ಟೆ, ಎಳೆಯಲಿಲ್ಲ. ಅವರ ಭುಜ ಮೆಲ್ಲಗೆ ಸಡಿಲವಾಯಿತು. ನನಗೆ ಕುಣಿಯುವಂತಾಯಿತು. ಆಗ ಕಣ್ಣು ಮುಚ್ಚಿಕೊಂಡೇ ಅಂದರು, "ದೊಡ್ಡವಳ ಕೈ ಇನ್ನೂ ತಣ್ಣಗಿರುತ್ತೆ."

ಈಗಲೂ ಪಕ್ಕದಲ್ಲೇ ಕೂತಿದ್ದಾರೆ. ಬಾಗಿ ಬಾಗಿ ಈ ಕಾಗದ ನೋಡುತ್ತಿದ್ದಾರೆ, ಕನ್ನಡಕವಿಲ್ಲ, ಓದಲಾಗುವುದಿಲ್ಲ. "ಬರೆದ್ಯಾ? ಬೇಗ ಮುಗಿಸ್ಕೊಂಡು ಬಾ ಅಂತ ನಾನು ಹೇಳ್ದೆ ಅಂತ ಬರೆದ್ಯಾ?" ಎಂದು ಇದು ಮೂರನೇ ಸಲ ಕೇಳುತ್ತಿದ್ದಾರೆ.

"ಬರೆದೆ ಅತ್ತೆ" ಎಂದೆ.

ಬರೆದಿಲ್ಲ ಅಕ್ಕ. ಬರೆಯುವುದೂ ಇಲ್ಲ. ಆರು ತಿಂಗಳೂ ಪೂರ್ತಿ ಅಲ್ಲೇ ಇರಿ. ಹೀಗೆ ಹೇಳುತ್ತಿರುವುದು ನಿಮ್ಮ ಓದಿಗಾಗಿಯೋ, ಈ ಬೆನ್ನು ನನಗಿರಲಿ ಎಂದೋ, ಅದನ್ನು ಮಾತ್ರ ಕೇಳಬೇಡಿ.

ಗುಬ್ಬಿ